ಕೆರೆಯದೆ ಉಳಿಸಿದ ಅರ್ಧ ಸ್ಲೈಡು

ನಮ್ಮ ಆಸ್ಪತ್ರೆಯ ಕಲ್ಯಾಣದ ಶಾಖೆಯ ಅಟ್ಟದಿಂದ ಆ ಪೆಟ್ಟಿಗೆಗಳು ಮುಂಬೈ ಪಕ್ಕದ ನೆರೂಳಿನ ನಮ್ಮ ಲ್ಯಾಬಿಗೆ ಟೆಂಪೊದಲ್ಲಿ ಬಂದಿಳಿದ ದಿನ ನನಗೆ ಮೊದಲು ಬಂದದ್ದು ಸೀನು, ಆಮೇಲೆ ಬಂದದ್ದು ಸಿಟ್ಟು. ಸೀನು ಸ್ವಲ್ಪ ಹೊತ್ತಿನಲ್ಲಿ ಹೋಯಿತು. ಸಿಟ್ಟು ಇನ್ನೂ ಇದೆ.

ಪೆಟ್ಟಿಗೆಗಳಲ್ಲಿ ಇದ್ದದ್ದು ಪ್ಯಾಪ್ ಪರೀಕ್ಷೆಯ ಹಳೆಯ ಸ್ಲೈಡುಗಳು. ಹೆಂಗಸರ ಗರ್ಭಕಂಠದಿಂದ ಮರದ ಕಡ್ಡಿಯಲ್ಲಿ ತೆಗೆದ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಕೊಟ್ಟು, ಮೇಲೊಂದು ತೆಳು ಗಾಜಿನ ಮುಚ್ಚಳ ಅಂಟಿಸಿರುತ್ತಾರೆ. ಕ್ಯಾನ್ಸರಿನ ಕಡೆಗೆ ಹೊರಳುತ್ತಿರುವ ಜೀವಕೋಶ ಇದ್ದರೆ ಮೈಕ್ರೋಸ್ಕೋಪಿನಲ್ಲಿ ಕಾಣಬೇಕು. ನಮ್ಮ ಆಸ್ಪತ್ರೆಯ ಟ್ರಸ್ಟ್ ಆರೇಳು ವರ್ಷಗಳ ಹಿಂದೆ ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಉಚಿತ ಶಿಬಿರ ನಡೆಸಿ ಸಂಗ್ರಹಿಸಿದ ಸ್ಲೈಡುಗಳು ಇವು. ಶಿಬಿರದ ದಿನ ಬ್ಯಾನರ್ ಇತ್ತು, ಹೂಗುಚ್ಛ ಇತ್ತು, ಗಣ್ಯರ ಜೊತೆ ಫೋಟೊ ಇತ್ತು. ಅದೆಲ್ಲ ಮುಗಿದ ಮೇಲೆ ಸ್ಲೈಡುಗಳು ಅಟ್ಟ ಸೇರಿದವು. ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕಾಗದದ ಲೇಬಲುಗಳನ್ನು ಹುಳ ತಿಂದಿತ್ತು. ವಜ್ರದ ಮೊನೆಯ ಪೆನ್ಸಿಲಿನಲ್ಲಿ ಗಾಜಿನ ಮೇಲೆಯೇ ಗೀಚಿದ ನಂಬರುಗಳು ಮಾತ್ರ ಹಾಗೇ ಇದ್ದವು.

ನಾನು ಈ ಲ್ಯಾಬಿನಲ್ಲಿ ಡಿ.ಎನ್.ಎ. ಪರೀಕ್ಷೆಗಳನ್ನು ನೋಡಿಕೊಳ್ಳುವವಳು. ಊರು ಉಡುಪಿಯ ಹತ್ತಿರ, ಮನೆ ಡೊಂಬಿವಲಿಯಲ್ಲಿ. ಬೆಳಿಗ್ಗೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನೇತಾಡಿಕೊಂಡು ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋಗುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಮನೆಯವರು ತಮಾಷೆ ಮಾಡುವುದುಂಟು. ಈ ಒಂದು ಕೆಲಸದ ಮಟ್ಟಿಗೆ ಅದು ಅಲ್ಲಿದ್ದದ್ದೇ ಒಳ್ಳೆಯದಾಯಿತು.

ಯೋಜನೆ ನಮ್ಮ ವಿಭಾಗದ ಮುಖ್ಯಸ್ಥರದು. ಅವರು ಬೆಂಗಳೂರಿನವರು. ಎಲ್ಲರೆದುರು ಇಂಗ್ಲಿಷ್, ನನ್ನ ಹತ್ತಿರ ಮಾತ್ರ ಕನ್ನಡ. ಗರ್ಭಕಂಠದ ಕ್ಯಾನ್ಸರಿಗೆ ಮೂಲವಾದ ಪ್ಯಾಪಿಲೋಮಾ ವೈರಸ್, ಅಂದರೆ ಎಚ್.ಪಿ.ವಿ., ಅದರ ಡಿ.ಎನ್.ಎ. ಇಷ್ಟು ಹಳೆಯ ಸ್ಲೈಡಿನಿಂದ ಸಿಗುತ್ತದೆಯೇ ಎಂದು ನೋಡಬೇಕಿತ್ತು. ಸಿಕ್ಕರೆ ಒಂದು ಸಮ್ಮೇಳನದಲ್ಲಿ ಪ್ರಬಂಧ. ಆರಿಸಿದ್ದು ಆಗ 'ನಾರ್ಮಲ್' ಎಂದು ವರದಿಯಾಗಿದ್ದ ಸ್ಲೈಡುಗಳನ್ನು ಮಾತ್ರ. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಸ್ಲೈಡಿಗೆ ಹೆಸರಿನ ಬದಲು ಕೋಡ್ ಮಾತ್ರ, ಯಾವ ಸ್ಲೈಡು ಯಾರದೆಂದು ನಮಗೆ ಗೊತ್ತಾಗಬಾರದು, ಫಲಿತಾಂಶ ಯಾರಿಗೂ ಹೇಳುವಂತಿಲ್ಲ ಎಂಬುದು ಷರತ್ತು. ಆ ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಶಿಬಿರದ ದಿನ ಅವರು ಸಹಿ ಹಾಕಿದ ಕಾಗದದ ಬುಡದಲ್ಲಿ, ಸಂಶೋಧನೆಗೆ ಬಳಸಬಹುದು ಎಂಬ ಒಂದು ಸಾಲು ಇಂಗ್ಲಿಷಿನಲ್ಲಿತ್ತಂತೆ.

"ಕೆಲಸ ಶುರು ಮಾಡೋ ಮುಂಚೆ ಒಂದೊಂದು ಸ್ಲೈಡಿನದ್ದೂ ಫೋಟೊ ತೆಗೆದಿಡುವ, ಸರ್," ಎಂದೆ. "ಒಮ್ಮೆ ಕೆರೆದರೆ ಮತ್ತೆ ನೋಡ್ಲಿಕ್ಕೆ ಏನೂ ಉಳಿಯುದಿಲ್ಲ."

"ಸ್ಕ್ಯಾನರ್ ಎಲ್ಲಿಂದ ತರ್ಲಿ ಮೇಡಂ? ರಿಪೋರ್ಟ್ ಇದ್ಯಲ್ಲ, ನಾರ್ಮಲ್ ಅಂತ. ಮತ್ತೆ ಏನು ನೋಡೋದಿದೆ ಅದ್ರಲ್ಲಿ?"

ಈ ಕೆಲಸದ ಕಷ್ಟವೇ ಇದು. ಸ್ಲೈಡಿನ ಮೇಲಿನ ಜೀವಕೋಶಗಳಿಂದ ಡಿ.ಎನ್.ಎ. ಬೇಕೆಂದರೆ ಅವುಗಳನ್ನು ಗಾಜಿನಿಂದ ಕೆರೆದು ಕರಗಿಸಬೇಕು. ಕರಗಿಸಿದ ಮೇಲೆ ಅವು ಇಲ್ಲ. ಆ ಹೆಂಗಸಿನ ಮೈಯಲ್ಲಿ ಆ ದಿನ ಏನಿತ್ತು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ನಮ್ಮ ಕೈಯಿಂದಲೇ ಹೋಗುತ್ತದೆ.

ಮೊದಲು ಮುಚ್ಚಳದ ಗಾಜು ಬಿಡಿಸಬೇಕು. ಸ್ಲೈಡನ್ನು ಝೈಲೀನ್ ಎಂಬ ದ್ರಾವಕ ತುಂಬಿದ ಗಾಜಿನ ಜಾಡಿಯಲ್ಲಿ ನಿಲ್ಲಿಸಿ ಕಾಯಬೇಕು. ಅಂಟು ತಾನಾಗಿ ಕರಗಿ ಮುಚ್ಚಳ ಜಾರುವ ತನಕ ಮುಟ್ಟಬಾರದು. ಕೆಲವು ಎರಡು ದಿನಕ್ಕೇ ಜಾರುತ್ತವೆ, ಕೆಲವು ವಾರ ಕಳೆದರೂ ಜಪ್ಪಯ್ಯ ಎನ್ನುವುದಿಲ್ಲ. ಅವಸರಪಟ್ಟು ಎಳೆದರೆ ಜೀವಕೋಶಗಳು ಮುಚ್ಚಳದ ಜೊತೆಗೇ ಕಿತ್ತು ಬರುತ್ತವೆ. ಮುಚ್ಚಳ ಹೋದ ಮೇಲೆ ಆಲ್ಕೊಹಾಲಿನಲ್ಲಿ ತೊಳೆದು, ಆರಿಸಿ, ಪ್ರತಿ ಸ್ಲೈಡಿಗೂ ಹೊಸ ಬ್ಲೇಡು ತೆಗೆದುಕೊಂಡು ಕೆರೆಯಬೇಕು. ಕೆರೆದದ್ದನ್ನು ಪ್ರೋಟೀನ್ ಕರಗಿಸುವ ಕಿಣ್ವದಲ್ಲಿ ಬೆಚ್ಚಗೆ ಇಟ್ಟು ಮರುದಿನ ಡಿ.ಎನ್.ಎ. ಬೇರ್ಪಡಿಸಬೇಕು.

ಮೊದಲ ಸ್ಲೈಡಿಗೆ ಬ್ಲೇಡು ಇಟ್ಟವಳು ಅರ್ಧಕ್ಕೆ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಮೊಸರಿನ ಪಾತ್ರೆಯನ್ನು ಯಾರೂ ಪೂರ್ತಿ ಬಳಿದು ಬಡಿಸುವುದಿಲ್ಲ. ಎಷ್ಟೇ ನೆಂಟರು ಬರಲಿ, ಹೆಪ್ಪಿಗೆಂದು ತಳದಲ್ಲಿ ಒಂದು ಚಮಚ ಉಳಿಯಲೇಬೇಕು. ಉಳಿಯದಿದ್ದರೆ ಅಮ್ಮನ ಬೈಗುಳ ಇಡೀ ಓಣಿಗೆ ಕೇಳುತ್ತಿತ್ತು. ಆ ಭಯ ಕೈಯಲ್ಲೇ ಉಳಿದುಬಿಟ್ಟಿದೆ ಎಂದು ಕಾಣುತ್ತದೆ. ಪ್ರತಿ ಸ್ಲೈಡಿನ ಅರ್ಧ ಮಾತ್ರ ಕೆರೆದು, ಉಳಿದರ್ಧದ ಮೇಲೆ ಹೊಸ ಮುಚ್ಚಳ ಅಂಟಿಸಿ ಎತ್ತಿಟ್ಟೆ.

ಮೊದಲ ಫಲಿತಾಂಶ ಬಂದಾಗ ತಲೆ ತಗ್ಗಿಸುವ ಹಾಗಾಯಿತು. ವೈರಸ್ ಹುಡುಕುವ ಮೊದಲು ಮನುಷ್ಯರದೇ ಒಂದು ಜೀನನ್ನು ಹುಡುಕಿ ನೋಡುವುದು ಕ್ರಮ. ಅದೇ ಸಿಗದಿದ್ದರೆ ಟ್ಯೂಬಿನಲ್ಲಿ ಡಿ.ಎನ್.ಎ. ಸರಿಯಾಗಿಲ್ಲ ಎಂದರ್ಥ, ವೈರಸ್ ಇಲ್ಲ ಎಂದು ಹೇಳುವ ಹಕ್ಕೂ ಆಗ ಇರುವುದಿಲ್ಲ. ಹೆಚ್ಚಿನ ಸ್ಲೈಡುಗಳಲ್ಲಿ ಆ ಮನುಷ್ಯ ಜೀನೇ ಸಿಗಲಿಲ್ಲ. ಡಿ.ಎನ್.ಎ. ಸಿಕ್ಕಿದ್ದರೆ ಜೆಲ್ ಎಂಬ ಲೋಳೆಯ ಹಾಳೆಯ ಮೇಲೆ ಬೆಳಗಬೇಕಾದ ಪಟ್ಟಿಗಳ ಜಾಗ ಬೋಳುಬೋಳಾಗಿತ್ತು.

"ಅರ್ಧ ಕೆರೆದ್ರೆ ಅರ್ಧ ರಿಸಲ್ಟೇ ಬರೋದು," ಎಂದರು ಮುಖ್ಯಸ್ಥರು. "ಪೂರ್ತಿ ಕೆರೆದುಬಿಡಿ. ಉಳಿಸ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀರಾ?"

ಕೊರತೆ ಪ್ರಮಾಣದ್ದಲ್ಲ ಎಂದು ನನಗೆ ಅನಿಸಿತ್ತು. ಹಳೆಯ ಡಿ.ಎನ್.ಎ. ತುಂಡುತುಂಡಾಗಿರುತ್ತದೆ. ನಾವು ಹುಡುಕುತ್ತಿದ್ದದ್ದು ಉದ್ದದ ತುಂಡನ್ನು. ಡಬ್ಬಿಯ ತಳದಲ್ಲಿ ಪುಡಿಯಾದ ಹಪ್ಪಳ ಇಟ್ಟುಕೊಂಡು ಇಡೀ ಹಪ್ಪಳ ಎಲ್ಲಿ ಎಂದು ತಡಕಿದರೆ ಸಿಗುವುದೇ? ಇನ್ನೊಂದು ಡಬ್ಬಿ ತೆರೆದರೂ ಅದರಲ್ಲೂ ಪುಡಿಯೇ. ಒಂದು ವಾರ ಕೊಡಿ ಎಂದು ಕೇಳಿಕೊಂಡು, ಅದೇ ಜೀನಿನ ಮೂರನೇ ಒಂದರಷ್ಟು ಚಿಕ್ಕ ತುಂಡನ್ನು ಹಿಡಿಯುವ ಹಾಗೆ ಪರೀಕ್ಷೆಯನ್ನು ಬದಲಾಯಿಸಿದೆ. ವೈರಸ್ಸಿಗೂ ಹಾಗೆಯೇ. ಈ ಸಲ ಜೆಲ್ ಮೇಲೆ ಪಟ್ಟಿಗಳು ಸಾಲಾಗಿ ಎದ್ದವು. ಅರ್ಧ ಸ್ಲೈಡು ಧಾರಾಳ ಸಾಕಾಗಿತ್ತು. ಮುಖ್ಯಸ್ಥರು "ಗುಡ್" ಎಂದರು. ಉಪ್ಪಿನಕಾಯಿಯ ಮಾತು ಮತ್ತೆ ಎತ್ತಲಿಲ್ಲ.

ಕೆಲವು ಸ್ಲೈಡುಗಳಲ್ಲಿ ವೈರಸ್ ಇತ್ತು. ಇದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ, ಎಚ್.ಪಿ.ವಿ. ಬಹಳ ಮಂದಿಗೆ ಬಂದು ತಾನಾಗಿ ಹೋಗುತ್ತದೆ. ಆದರೆ ಒಂದು ಸ್ಲೈಡಿನ ಪಟ್ಟಿ ಉಳಿದ ಎಲ್ಲಕ್ಕಿಂತ ದಪ್ಪವಾಗಿ ಬೆಳಗುತ್ತಿತ್ತು. ವೈರಸ್ಸಿನ ಹಲವು ಬಗೆಗಳಲ್ಲಿ ಇದು ಯಾವುದೆಂದು ನೋಡಿದರೆ ಹದಿನಾರನೆಯದು, ಕ್ಯಾನ್ಸರಿಗೆ ಎಲ್ಲಕ್ಕಿಂತ ಹೆಚ್ಚು ಕಾರಣವಾಗುವ ಬಗೆ. ಡೊಂಬಿವಲಿ ಶಿಬಿರದ ಸ್ಲೈಡು. ವರದಿ 'ನಾರ್ಮಲ್'.

ನಮ್ಮ ಯೋಜನೆಯಲ್ಲಿ ಸ್ಲೈಡನ್ನು ಮತ್ತೊಮ್ಮೆ ಓದುವ ಮಾತೇ ಇರಲಿಲ್ಲ. ಆದರೂ ಆ ಅರ್ಧ ಸ್ಲೈಡನ್ನು ಹಿಡಿದುಕೊಂಡು ಕೆಳಗಿನ ಮಹಡಿಗೆ ಹೋದೆ. ಅಲ್ಲಿ ಸ್ಲೈಡು ಓದುವ ಹಿರಿಯ ಡಾಕ್ಟರಮ್ಮ ಇದ್ದಾರೆ. ಧಾರವಾಡದವರು, ನಿವೃತ್ತರಾದ ಮೇಲೂ ವಾರದಲ್ಲಿ ಕೆಲವು ದಿನ ಬರುತ್ತಾರೆ. ನಾನು ವರದಿಯ ವಿಷಯ ಹೇಳಲಿಲ್ಲ. ನೋಡಿ ಕೊಡಿ ಎಂದಷ್ಟೇ ಕೇಳಿದೆ. ಅವರು ಚಹಾ ಕುಡಿಯುತ್ತಲೇ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಏರಿಸಿದರು. ಸ್ವಲ್ಪ ಹೊತ್ತಿಗೆ ಕಪ್ಪನ್ನು ಪಕ್ಕಕ್ಕಿಟ್ಟರು.

"ಇಲ್ಲಿ ನೋಡು ತಂಗಿ. ಈ ನ್ಯೂಕ್ಲಿಯಸ್ ಹೆಂಗ ಉಬ್ಬೇದ, ಎಷ್ಟ ಕಪ್ಪಾಗೇದ. ಇಲ್ಲೊಂದ ಗುಂಪು, ಅಲ್ಲೊಂದ ಗುಂಪು. ಇದು ಕ್ಯಾನ್ಸರಿನ ಹೊಸ್ತಿಲ ಮ್ಯಾಲ ನಿಂತದ. ಈಕಿಗೆ ಟ್ರೀಟ್‌ಮೆಂಟ್ ಶುರು ಆಗೇದೇನು?"

"ನಾರ್ಮಲ್ ಅಂತ ಬರೆದಿದ್ದಾರೆ ಮೇಡಂ. ಆರೇಳು ವರ್ಷ ಆಯ್ತು."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾವಾಂವ ಬರದಾಂವ? ಕಣ್ಣ ಎಲ್ಲಿಟ್ಟಿದ್ದ?" ಎಂದವರು, ಮತ್ತೆ ತಾವೇ ತಣ್ಣಗಾಗಿ, "ಶಿಬಿರದಾಗ ಒಬ್ಬಾಂವನ ಮುಂದ ಗುಡ್ಡೆ ಹಾಕಿ, ಇವತ್ತ ಮುಗಸು ಅಂದ್ರ ಇನ್ನೇನಾಗ್ತದ. ಈಕಿ ಎಲ್ಲಿದ್ದಾಳ ಮೊದಲ ಅದನ್ನ ನೋಡು," ಎಂದರು.

ಉಳಿದ ಪಾಸಿಟಿವ್ ಸ್ಲೈಡುಗಳ ಅರ್ಧಗಳನ್ನೂ ಅವರು ಓದಿದರು. ಅವು ಆ ಮಟ್ಟಕ್ಕೆ ಕೆಟ್ಟಿರಲಿಲ್ಲ. ಕೆಟ್ಟದ್ದು ಇದೊಂದೇ. ನಾನು ಮುಖ್ಯಸ್ಥರ ಬಾಗಿಲು ತಟ್ಟಿದೆ.

ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಆ ಸಮಾಧಾನವೇ ನನಗೆ ಉರಿ ಹತ್ತಿಸಿದ್ದು.

"ನೋಡಿ ಮೇಡಂ, ಇದು ರಿಸರ್ಚ್ ಸ್ಯಾಂಪಲ್. ಕೋಡ್ ಓಪನ್ ಮಾಡೋ ಹಾಗಿಲ್ಲ. ಅಲ್ದೆ ಇಷ್ಟು ವರ್ಷ ಆಗಿದೆ. ಒಂದೋ ಅವ್ರಿಗೆ ಏನೂ ಆಗಿಲ್ಲ, ಇಲ್ಲಾ ಆಗೋದು ಆಗಿಹೋಗಿದೆ. ಎರಡರಲ್ಲೂ ನಾವು ಹೇಳಿ ಏನು ಪ್ರಯೋಜನ?"

"ನಡುವೆ ಒಂದು ಉಂಟಲ್ಲ ಸರ್. ಆಗ್ತಾ ಇರಬಹುದು."

"ನೀವು ಎಮೋಷನಲ್ ಆಗ್ತಿದೀರ."

ಹೌದು, ಆಗಿದ್ದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಇಲಿಗೆ ತನ್ನ ಪ್ರಾಣ ಸಂಕಟದಲ್ಲಿದೆ ಎಂದೇ ಗೊತ್ತಿಲ್ಲ. ಡೊಂಬಿವಲಿಯಲ್ಲಿ ಎಲ್ಲೋ ಒಬ್ಬ ಹೆಂಗಸು ತನಗೆ ನಾರ್ಮಲ್ ಎಂದುಕೊಂಡು ತರಕಾರಿ ಹೆಚ್ಚುತ್ತಿದ್ದಾಳೆ. ನಾನು ದಿನಾ ಹತ್ತುವ ಗಾಡಿಯಲ್ಲೇ ನನ್ನ ಪಕ್ಕ ನಿಂತಿರಲೂಬಹುದು. ಅವಳ ಮೈಯ ಚೂರು ನನ್ನ ಫ್ರಿಜ್ಜಿನಲ್ಲಿದೆ, ಅವಳ ಹೆಸರು ಇವರ ಕಪಾಟಿನಲ್ಲಿದೆ, ಎರಡರ ನಡುವೆ ಒಂದು ಷರತ್ತು. ಆ ಷರತ್ತನ್ನು ಅವಳ ಮಾನ ಕಾಪಾಡಲೆಂದು ಮಾಡಿದ್ದು. ಈಗ ಇವರ ಮಾನ ಕಾಯುತ್ತಿತ್ತು.

ಮರುದಿನ ಮುಖ್ಯಸ್ಥರೇ ನನ್ನ ಮೇಜಿನ ಹತ್ತಿರ ಬಂದರು. ಅವರಿಗೆ ಒಂದು ದಾರಿ ಹೊಳೆದಿತ್ತು.

"ಝೈಲೀನ್ ಜಾಡಿಯಲ್ಲಿ ನಾಲ್ಕೈದು ಸ್ಲೈಡ್ ಒಟ್ಟಿಗೆ ಇಟ್ಟಿದ್ರಿ, ಅಲ್ವಾ? ಒಂದರಿಂದ ಬಿಟ್ಟ ಸೆಲ್ಸ್ ಇನ್ನೊಂದಕ್ಕೆ ಹೋಗಿ ಅಂಟಿರಬಹುದು. ಹಾಗಾದ್ರೆ ಆ ವೈರಸ್ ಆಕೆದೇ ಅಂತ ಏನು ಗ್ಯಾರಂಟಿ? ಉಳಿದ ಅರ್ಧ ಇದ್ಯಲ್ಲ, ಅದನ್ನೂ ಕೆರೆದು ಇನ್ನೊಂದು ಸಲ ಟೆಸ್ಟ್ ಮಾಡಿ. ಮತ್ತೆ ಬಂದ್ರೆ ಆಮೇಲೆ ಮಾತಾಡೋಣ."

ಹೇಳಿದ ಮಾತಿನಲ್ಲಿ ಹುರುಳಿತ್ತು ಎಂಬುದೇ ಕಷ್ಟ. ಜಾಡಿಯಲ್ಲಿ ಹೀಗೆ ತೇಲಿ ಹೋಗುವುದು ನಿಜವಾಗಿಯೂ ಆಗುವಂಥದ್ದು. ಝೈಲೀನ್ ಉಳಿಸಲೆಂದು ನಮ್ಮಲ್ಲಿ ಎಲ್ಲರೂ ಹಾಗೆಯೇ ಒಟ್ಟಿಗೆ ನೆನೆಹಾಕುತ್ತಿದ್ದೆವು. ಖಾಲಿ ಗಾಜನ್ನು ಅದೇ ಜಾಡಿಯಲ್ಲಿಟ್ಟು ಪರೀಕ್ಷಿಸಿದಾಗ ಏನೂ ಬಂದಿರಲಿಲ್ಲ ಎಂದು ತೋರಿಸಿದೆ. ಸಾಲದು ಎಂದರು. ಪರೀಕ್ಷೆಯ ಶಿಸ್ತು ಅವರ ಕಡೆಗಿತ್ತು. ಆದರೆ ನಾನು ಬ್ಲೇಡು ಎತ್ತಿಕೊಂಡರೆ ಡಾಕ್ಟರಮ್ಮ ಕಂಡ ಆ ಕಪ್ಪು ಗುಂಪುಗಳು ಟ್ಯೂಬಿನಲ್ಲಿ ಕರಗಿಹೋಗುತ್ತಿದ್ದವು. ಆಮೇಲೆ ಉಳಿಯುವುದು ಜೆಲ್ ಮೇಲಿನ ಒಂದು ಪಟ್ಟಿ. ಅದು ಬಂದರೂ, ಎಚ್.ಪಿ.ವಿ. ತಾನಾಗಿ ಹೋಗುತ್ತದೆ ಬಿಡಿ ಎನ್ನಲು ಯಾರಿಗೂ ಕಷ್ಟವಿರಲಿಲ್ಲ.

ಅವತ್ತು ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತ್ತು. ಐರೋಲಿ ದಾಟುವ ಹೊತ್ತಿಗೆ ನನಗೆ ಸ್ಪಷ್ಟವಾಯಿತು. ಜಗಳ ವೈರಸ್ಸಿನದಲ್ಲ. ವೈರಸ್ ನನಗೆ ಅವಳನ್ನು ತೋರಿಸಿಕೊಟ್ಟಿತು, ಅಲ್ಲಿಗೆ ಅದರ ಕೆಲಸ ಮುಗಿಯಿತು. ಆ ಜೀವಕೋಶಗಳು ಗುಂಪುಗುಂಪಾಗಿ, ಪಕ್ಕದ ಒಳ್ಳೆಯ ಜೀವಕೋಶಗಳ ಜೊತೆ ಒಂದೇ ಪದರದಲ್ಲಿ ಕೂತಿದ್ದವು. ತೇಲಿ ಬಂದು ಅಂಟಿದ್ದು ಮೇಲಿನ ಮಟ್ಟದಲ್ಲಿ ಬೇರೆಯಾಗಿ ಕಾಣುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದರು. ಹಾಗಿದ್ದ ಮೇಲೆ ಅವಳಿಗಾಗಿ ಮಾತಾಡಬೇಕಾದದ್ದು ಉಳಿದರ್ಧವೇ. ಅದನ್ನು ಕೆರೆಯುವುದಿಲ್ಲ.

ಬೆಳಿಗ್ಗೆ ಹೋಗಿ ಹಾಗೆಯೇ ಹೇಳಿದೆ. "ಮತ್ತೆ ಟೆಸ್ಟ್ ಬೇಕಾದ್ರೆ ಆ ಹೆಂಗಸಿನಿಂದ ಹೊಸ ಸ್ಯಾಂಪಲ್ ತೆಗೆಯುವ, ಸರ್. ಇದಕ್ಕೆ ನಾನು ಬ್ಲೇಡ್ ಹಾಕುದಿಲ್ಲ. ಬೇರೆ ಯಾರಿಗೂ ಹಾಕ್ಲಿಕ್ಕೆ ಬಿಡುದೂ ಇಲ್ಲ."

"ನೀವು ರೆಫ್ಯೂಸ್ ಮಾಡ್ತಿದೀರಾ?"

"ಹೌದು."

ಇಂಥ ಹೊತ್ತಿನಲ್ಲಿ ದನಿ ನಡುಗದಿರಲಿ ಎಂದು ನಾನು ಬಯಸುತ್ತೇನೆ, ಅದು ನಡುಗಿಯೇ ನಡುಗುತ್ತದೆ. ನಡುಗಲಿ. ಸ್ಲೈಡನ್ನು ಡಾಕ್ಟರಮ್ಮನ ವಶಕ್ಕೆ ಕೊಟ್ಟೆ. ಅವರು ತಮ್ಮ ಓದನ್ನು ಬರೆದು ಸಹಿ ಹಾಕಿದರು, ಕಂಡದ್ದರ ಫೋಟೊ ತೆಗೆದರು. ಇಬ್ಬರೂ ಸೇರಿ ನೈತಿಕ ಸಮಿತಿಗೆ ಅರ್ಜಿ ಕೊಟ್ಟೆವು. ಮಾರನೆಯ ದಿನದಿಂದ ನನ್ನನ್ನು ಆ ಯೋಜನೆಯಿಂದ ಬಿಡಿಸಿ ಬೇರೆ ಮಾಮೂಲು ಪರೀಕ್ಷೆಗಳಿಗೆ ಹಾಕಿದರು.

ಸಮಿತಿ ಸೇರುವ ಹೊತ್ತಿಗೆ ಮಳೆಗಾಲ ಬಂದು ಹೋಗಿತ್ತು. ಅವರು ಕೋಡ್ ತೆರೆಯಲು ಒಪ್ಪಿದರು. ಆದರೆ ಆಸ್ಪತ್ರೆ ಕಳಿಸಿದ ಕಾಗದ ನೋಡಿದರೆ ಮೈ ಉರಿಯಬೇಕು. ಉಚಿತ ಮರುತಪಾಸಣೆಗೆ ತಾವು ಬರಬಹುದು ಎಂದು ಇಂಗ್ಲಿಷಿನಲ್ಲಿ ಎರಡು ಸಾಲು. ತಪ್ಪಾಗಿದೆ ಎಂದಿಲ್ಲ, ಬೇಗ ಬನ್ನಿ ಎಂದಿಲ್ಲ. ವಿಳಾಸ ಶಿಬಿರ ನಡೆಸಿಕೊಟ್ಟ ಡೊಂಬಿವಲಿಯ ಕನ್ನಡ ಸಂಘದ್ದು. ಯಾರೂ ಬರಲಿಲ್ಲ. "ಕಳಿಸಿದ್ವಿ, ರೆಸ್ಪಾನ್ಸ್ ಇಲ್ಲ," ಎಂದರು ಮುಖ್ಯಸ್ಥರು. ಕೈತೊಳೆದುಕೊಂಡಾಯಿತು.

ಆ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆಯ ಮನೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅವರ ಯಜಮಾನರದು ಕಲ್ಯಾಣದಲ್ಲಿ ಹೋಟೆಲು. ನಾವೇ ಹೋಗಿ ತಿಳಿಸಲು ಡಾಕ್ಟರಮ್ಮ ಸಮಿತಿಯವರ ಬಾಯಿಂದಲೇ ಅನುಮತಿ ಹೊರಡಿಸಿದ ಮೇಲೆ ನಾನು ಅಧ್ಯಕ್ಷೆಯ ಮನೆಗೆ ಹೋದೆ. ಆ ಹೆಂಗಸಿನ ಹೆಸರು ಹೇಳಿ, ಫೋನ್ ನಂಬರು ಬೇಕು ಎಂದೆ.

"ನಂಬರ್ ಎಲ್ಲಿಯದು ಮಾರಾಯ್ತಿ? ಆ ದಿನ ಎಲ್ಲರದ್ದೂ ನನ್ನ ನಂಬರೇ ಬರೆಸಿದ್ದು," ಎಂದರು. "ಅವರಿಗೆ ನಾಚಿಕೆ. ಅಂಥ ಜಾಗದ ಪರೀಕ್ಷೆ ಅಲ್ವಾ, ಗಂಡ ಫೋನ್ ತೆಗೆದ್ರೆ? ಅತ್ತೆ ತೆಗೆದ್ರೆ? ಮನೆಗೆ ಫೋನ್ ಬೇಡ ಅಕ್ಕ, ನಿಮಗೇ ಹೇಳ್ಲಿ ಅಂದ್ರು. ಆಮೇಲೆ ಆಸ್ಪತ್ರೆಯವರು ನನಗೆ ಫೋನ್ ಮಾಡಿ ಎಲ್ಲಾ ನಾರ್ಮಲ್ ಅಂದ್ರು. ಸಂಕ್ರಾಂತಿಯ ಅರಿಶಿನ ಕುಂಕುಮದ ದಿನ ಹಾಲ್‌ನಲ್ಲಿ ನಾನೇ ಮೈಕ್‌ನಲ್ಲಿ ಹೇಳಿದೆ, ನಿಮ್ಮದೆಲ್ಲ ನಾರ್ಮಲ್, ಕುಂಕುಮ ತಕೊಳ್ಳಿ ಅಂತ. ಎಷ್ಟು ಚಪ್ಪಾಳೆ ಗೊತ್ತುಂಟಾ!"

ನಾನು ವಿಷಯ ಹೇಳಿದೆ. ಆಸ್ಪತ್ರೆಯ ಕಾಗದ ಸಂಘದ ಟಪಾಲಿನಲ್ಲೇ ಉಳಿದಿತ್ತು, ಅವರು ನೋಡಿರಲಿಲ್ಲ. ಅವರ ಮುಖ ಬಾಡಿತು.

"ಈಗ ಹೋಗಿ ತಪ್ಪಾಗಿತ್ತು ಅಂದ್ರೆ ನನ್ನ ಮುಖ ಎಲ್ಲಿ ಇಡ್ಲಿ? ನಾಳೆ ಯಾರು ಶಿಬಿರಕ್ಕೆ ಬರ್ತಾರೆ?"

"ಮುಖ ಆಮೇಲೆ ಎಲ್ಲಿ ಬೇಕಾದ್ರೂ ಇಟ್ಕೊಳ್ಳಿ ಅಕ್ಕ. ಮೊದಲು ಅವರ ಜೀವ."

ಮಾತು ಜೋರಾಯಿತು ಎಂದು ನನಗೇ ಗೊತ್ತಾಯಿತು. ಅವರು ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡರೋ ಏನೋ ಎಂದುಕೊಂಡೆ. ಸೀರೆ ಬದಲಿಸಿಕೊಂಡು ಬಂದು, "ಹೋಗುವ, ನಡಿ. ಸ್ಟೇಷನಿನ ಆಚೆ ಬದಿ," ಎಂದರು.

ನಾವು ಹುಡುಕುತ್ತಿದ್ದಾಕೆ ಡೊಂಬಿವಲಿ ಪಶ್ಚಿಮದ ಒಂದು ಹಳೆಯ ಕಟ್ಟಡದಲ್ಲಿ ಪಾಳಣಾಘರ ನಡೆಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಗಾಡಿ ಹಿಡಿದು ಮುಂಬೈಗೆ ಓಡುವ ಮನೆಗಳ ಮಕ್ಕಳು ಸಂಜೆಯ ತನಕ ಅವರ ಮನೆಯಲ್ಲಿರುತ್ತವೆ. ನಾವು ಹೋದಾಗ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು. ಆಕೆಗೆ ನನ್ನದೇ ವಯಸ್ಸು. ಗಂಡ ಹೋಟೆಲಿನಲ್ಲಿ ಮ್ಯಾನೇಜರ್. ಕಾಲೇಜಿಗೆ ಹೋಗುವ ಮಗಳು ಒಳಗಿನಿಂದ "ಮಮ್ಮಿ, ಕೌನ್ ಆಯಾ?" ಎಂದಳು.

"ಬಲೆ ಬಲೆ, ಕುಳ್ಳುಲೆ," ಎಂದು ತುಳುವಿನಲ್ಲಿ ಕರೆದು ಕೂರಿಸಿ, ಸ್ಟೀಲಿನ ಡಬ್ಬಿಯೊಂದನ್ನು ತೆರೆದು ಚಕ್ಕುಲಿ ಮುಂದೆ ಇಟ್ಟರು. ಅಧ್ಯಕ್ಷೆ ಅಕ್ಕನಿಗೆ, "ನೆನಪುಂಟಾ ಅಕ್ಕ, ಆ ಸಂಕ್ರಾಂತಿಗೆ ನೀವು ವಾಣ ಅಂತ ಉಡುಗೊರೆ ಕೊಟ್ಟದ್ದು ಇದೇ ಡಬ್ಬಿ," ಎಂದು ನಕ್ಕರು. ಅಕ್ಕ ಡಬ್ಬಿಯನ್ನು ನೋಡಿದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾನೇ ಹೇಳಿದೆ. ಸುತ್ತು ಬಳಸಲಿಲ್ಲ. ನಿಮ್ಮ ಸ್ಲೈಡನ್ನು ಆಗ ತಪ್ಪಾಗಿ ಓದಿದ್ದಾರೆ, ತಪ್ಪು ಆಸ್ಪತ್ರೆಯದ್ದು, ನಾಳೆಯೇ ನನ್ನ ಜೊತೆ ಬರಬೇಕು ಎಂದೆ. ಅವರು ಮಲಗಿದ ಮಗುವೊಂದರ ಹೊದಿಕೆ ಸರಿಮಾಡಿದರು.

"ನಡು ನಡುವೆ ಕೆಂಪು ಕಾಣ್ತದೆ ನನಗೆ," ಎಂದರು ತಗ್ಗಿದ ದನಿಯಲ್ಲಿ. "ಕೆಲವು ತಿಂಗಳಾಯ್ತು. ಮುಟ್ಟು ನಿಲ್ಲುವ ವಯಸ್ಸಲ್ವಾ, ಅದಕ್ಕೇ ಇರಬೇಕು ಅಂತ. ಒಮ್ಮೆ ಹೆದರಿಕೆ ಆಯ್ತು. ಆಮೇಲೆ, ಇಲ್ಲ, ನಂದು ನಾರ್ಮಲ್ ಅಂತ ಹೇಳಿದ್ದಾರಲ್ಲ, ಮತ್ತೆ ಎಂಥ ಹೆದರುದು ಅಂತ ಬಿಟ್ಟೆ."

ನಾನು ಕೈಯಲ್ಲಿದ್ದ ಚಕ್ಕುಲಿಯನ್ನು ಕೆಳಗಿಟ್ಟೆ. ಶಿಬಿರಕ್ಕೆ ಹೋಗದೆ ಇದ್ದಿದ್ದರೆ ಈಕೆ ಹೆದರಿ ಡಾಕ್ಟರ ಹತ್ತಿರ ಹೋಗುತ್ತಿದ್ದರು. ನಮ್ಮ ನಾರ್ಮಲ್ ಅವರನ್ನು ಮನೆಯಲ್ಲಿ ಕೂರಿಸಿತು. ಒಂದು ಪರೀಕ್ಷೆ ಮಾಡದೇ ಇರುವುದಕ್ಕಿಂತ ಹೀಗೆ ಮಾಡುವುದು ಕೆಟ್ಟದ್ದು ಎಂದು ಯಾವ ಬ್ಯಾನರಿನ ಮೇಲೂ ಬರೆಯುವುದಿಲ್ಲ.

ಮರುದಿನ ಬಂದರು. ಹೊಸ ಸ್ಯಾಂಪಲಿನಲ್ಲಿ ಅದೇ ಹದಿನಾರನೇ ಬಗೆ. ತುಣುಕು ತೆಗೆದು ನೋಡಿದಾಗ ಕ್ಯಾನ್ಸರ್. ಗರ್ಭಕಂಠದೊಳಗೇ ಇತ್ತು, ಹೊರಗೆ ಹಬ್ಬಿರಲಿಲ್ಲ. ಆವತ್ತೇ ಹೇಳಿದ್ದರೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವಂಥ ಚಿಕಿತ್ಸೆಯಲ್ಲಿ ಮುಗಿಯುತ್ತಿತ್ತು. ಈಗ ಮುಂಬೈಯ ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕೋಶವನ್ನೇ ತೆಗೆದರು. ಪಾಳಣಾಘರದ ಮಕ್ಕಳು ಬೇರೆ ಬೇರೆ ಕಡೆ ಹೋದವು. ಇನ್ನು ತಡವಾಗಿದ್ದರೆ ಕೈಮೀರುತ್ತಿತ್ತು, ಈಗ ಗುಣವಾಗುವ ಭರವಸೆ ಚೆನ್ನಾಗಿದೆ ಎಂದು ಅಲ್ಲಿಯ ಡಾಕ್ಟರರು ಹೇಳಿದರು.

ನಮ್ಮ ಮುಖ್ಯಸ್ಥರ ಪ್ರಬಂಧ ಸಮ್ಮೇಳನದಲ್ಲಿ ಓದಿಸಿಕೊಂಡಿತು. ಒಂದು ಪ್ರಕರಣದಲ್ಲಿ ಹಳೆಯ ವರದಿಗೂ ಹೊಸ ಫಲಿತಾಂಶಕ್ಕೂ ವ್ಯತ್ಯಾಸ ಕಂಡುಬಂತು ಎಂಬ ಸಾಲು ಅದರಲ್ಲಿತ್ತು. ವ್ಯತ್ಯಾಸ! ನನ್ನ ಹೆಸರು ತೆಗೆಯಿರಿ ಎಂದೆ. ತೆಗೆಯಲು ಅವರಿಗೆ ಏನೂ ಕಷ್ಟವಾಗಲಿಲ್ಲ.

ಆಪರೇಷನ್ ಆಗಿ ಸುಧಾರಿಸಿಕೊಂಡ ಮೇಲೆ ಆಕೆ ಒಂದು ದಿನ ನೆರೂಳಿಗೆ ಬಂದು, ಆ ಗಾಜನ್ನು ನೋಡಬೇಕು ಎಂದರು. ಡಾಕ್ಟರಮ್ಮ ಹೊರಗೆ ತೆಗೆದುಕೊಟ್ಟರು. ಒಂದು ಅರ್ಧ ನೀಲಿ ಗುಲಾಬಿ ಬಣ್ಣ, ಇನ್ನೊಂದು ಅರ್ಧ ಖಾಲಿ ಗಾಜು. ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಅರ್ಧ?"

"ಪರೀಕ್ಷೆಗೆ ಕೆರೆದದ್ದು."

"ನನ್ನನ್ನು ಕೇಳಿದ್ದರೆ ನಾನು ಬೇಡ ಅಂತಿದ್ದೆನಾ?" ಎಂದರು. ಕೋಪ ಇರಲಿಲ್ಲ ದನಿಯಲ್ಲಿ, ಲೆಕ್ಕ ಹಾಕುವವರ ಹಾಗೆ ಹೇಳಿದರು. "ಆದರೆ ಕೇಳಿದ್ರೆ ಆಮೇಲೆ ಹೇಳ್ಲಿಕ್ಕೂ ಬೇಕಾಗ್ತಿತ್ತು. ಅದ್ಕೇ ಕೇಳ್ಲಿಲ್ಲ."

ಇಷ್ಟು ದಿನ ನನ್ನ ಸಿಟ್ಟಿಗೆ ಸಿಗದಿದ್ದ ಮಾತು ಅವರಿಗೆ ಸಿಕ್ಕಿತ್ತು.

ಉಳಿದ ಸ್ಲೈಡುಗಳನ್ನೂ ಮತ್ತೆ ಓದಿಸಬೇಕು, ಎಲ್ಲರನ್ನೂ ಕರೆಸಬೇಕು ಎಂದು ಡಾಕ್ಟರಮ್ಮನೂ ನಾನೂ ಕೇಳುತ್ತಲೇ ಇದ್ದೆವು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರುತ್ತಿತ್ತು. ಅಷ್ಟರಲ್ಲಿ ಸಂಕ್ರಾಂತಿ ಬಂತು. ಸಂಘದ ಹಾಲ್‌ನಲ್ಲಿ ಅರಿಶಿನ ಕುಂಕುಮ. ಅಧ್ಯಕ್ಷೆ ಅಕ್ಕ ನನಗೆ ಬಾಗಿಲ ಹತ್ತಿರ ಒಂದು ಮೇಜು ಹಾಕಿಸಿಕೊಟ್ಟಿದ್ದರು. ಮರುತಪಾಸಣೆಗೆ ಬರುವವರ ಹೆಸರು ಬರೆದುಕೊಳ್ಳಲು ಹೇಳಿ, "ಆದರೆ ಆ ತಪ್ಪಿನ ಕಥೆಯೆಲ್ಲ ಬೇಡ, ಹೆಂಗಸರು ಹೆದರ್ತಾರೆ," ಎಂದು ಕಿವಿಯಲ್ಲಿ ಉಸುರಿದ್ದರು.

ತಿಳಗುಳದ ಎಳ್ಳುಂಡೆ ಹಂಚಿದ್ದಾಯಿತು, ಎರಡು ಹಾಡೂ ಆದವು. ಪಾಳಣಾಘರದಾಕೆ ಎದ್ದು ನೇರ ಹೋಗಿ ಅಕ್ಕನ ಮುಂದೆ ಮೈಕಿಗೆ ಕೈ ಚಾಚಿದರು. ಅಕ್ಕ ಒಂದು ಕ್ಷಣ ಮೈಕನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಕೊಟ್ಟರು.

"ಆ ವರ್ಷ ಇಲ್ಲಿಯೇ ನಮಗೆಲ್ಲ ನಾರ್ಮಲ್ ಅಂತ ಹೇಳಿದ್ರು," ಎಂದರು ಆಕೆ. "ನನಗೆ ನಾರ್ಮಲ್ ಇರ್ಲಿಲ್ಲ. ಕ್ಯಾನ್ಸರ್ ಆಯ್ತು. ಗರ್ಭಕೋಶ ತೆಗೆದಿದ್ದಾರೆ, ಈಗ ಬದುಕಿದ್ದೇನೆ. ನನ್ನ ಗಾಜು ತಪ್ಪು ಓದಿದವರೇ ನಿಮ್ಮದೂ ಓದಿದ್ದು. ನನಗೆ ಫೋನ್ ಬರ್ಲಿಲ್ಲ, ಯಾಕಂದ್ರೆ ನಾನು ನನ್ನ ನಂಬರೇ ಕೊಟ್ಟಿರ್ಲಿಲ್ಲ. ಅಲ್ಲಿ ಮೇಜಿನ ಹತ್ತಿರ ಇವರಿದ್ದಾರೆ. ಹೋಗಿ ಬರೆಸಿ."

ಚಪ್ಪಾಳೆ ಇಲ್ಲ. ಬಳೆಯ ಸದ್ದೂ ಇಲ್ಲ. ಯಾರೂ ಏಳುವುದಿಲ್ಲ ಎಂದೇ ನಾನು ಅಂದುಕೊಂಡೆ. ಮೊದಲು ಎದ್ದವರು ಅಧ್ಯಕ್ಷೆ ಅಕ್ಕ. ನನ್ನ ಮೇಜಿಗೆ ಬಂದು, ತಾವೂ ಆ ದಿನ ಪರೀಕ್ಷೆ ಮಾಡಿಸಿಕೊಂಡದ್ದಾಗಿ ಹೇಳಿ ಹೆಸರು ಬರೆಸಿದರು. ಅವರ ಹಿಂದೆ ಇಬ್ಬರು, ಆಮೇಲೆ ಸಾಲು.

ಸಾಲಿನಲ್ಲಿ ಬಂದ ವಯಸ್ಸಾದ ಒಬ್ಬರು ಹೆಸರು ಹೇಳಿ ನಿಂತರು. ಫೋನ್ ನಂಬರು ಕೇಳಿದೆ. ಅಭ್ಯಾಸದಂತೆ ತಿರುಗಿ ಅಧ್ಯಕ್ಷೆ ಅಕ್ಕನ ಕಡೆ ನೋಡಿದರು. ಅಕ್ಕ ಇಲ್ಲ ಎಂದು ತಲೆಯಾಡಿಸಿದರು. ಅವರು ಬ್ಲೌಸಿನೊಳಗಿಂದ ಪರ್ಸ್ ತೆಗೆದು, ಅದರಿಂದ ಮಡಚಿದ ಚೀಟಿ ತೆಗೆದು, ತಮಗೇ ಬಾಯಿಪಾಠ ಬಾರದ ತಮ್ಮ ನಂಬರನ್ನು ಒಂದೊಂದೇ ಅಂಕಿಯಾಗಿ, ಹಾಲ್‌ಗೆ ಕೇಳುವ ಹಾಗೆ, ನನಗೆ ಓದಿ ಹೇಳಿದರು.